ಎರಡು ಸೀರೆಯ ಕೌದಿ

ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಕಾಲಿನ ಹೆಬ್ಬೆರಳಿಗೆ, ಎದುರು ಸೀಟಿನ ಹೂವಿನವಳು ಎರಡು ಮೊಗ್ಗು ಆ ಕಡೆ ಎರಡು ಈ ಕಡೆ ಇಟ್ಟು ಗಂಟು ಬಿಗಿಯುತ್ತಿದ್ದಾಳೆ, ರೈಲು ಎಷ್ಟು ಕುಲುಕಿದರೂ ಅವಳ ಕೈ ತಪ್ಪುವುದಿಲ್ಲ, ನನ್ನ ಕೈ ನೋಡಿದರೆ ಕರ್ಚೀಫನ್ನು ಹೊಸೆದು ಹೊಸೆದು ಬತ್ತಿ ಮಾಡಿಬಿಟ್ಟಿದೆ, ಎಗ್ಮೋರಿನಿಂದ ಕ್ರೋಂಪೇಟೆಗೆ ಮುಕ್ಕಾಲು ಗಂಟೆ, ಗೆಳತಿ ಮೌನ ಫೋನ್ ಮಾಡಿದ್ದು ಮೂರೂ ಐವತ್ತಕ್ಕೆ, ನಾನು ಮ್ಯಾನೇಜರಿಗೆ ತಲೆನೋವೆಂದು ಸುಳ್ಳು ಹೇಳಿ ಓಡಿಬಂದು ಗಾಡಿ ಹಿಡಿದದ್ದು ನಾಲ್ಕೂ ಹತ್ತಕ್ಕೆ, ಇನ್ನೊಂದು ಸುಳ್ಳು, ಇರಲಿ, ರಾಶಿಗೆ ಒಂದು ಸೇರಿದರೆ ಯಾರಿಗೆ ಗೊತ್ತಾಗುತ್ತದೆ — ಅಕ್ಕ, ಇವತ್ತು ನೀವು ಬ್ಯಾಡ ಅಂದ್ರೂ ಬರೋಳೇ ಕಣಕ್ಕ, ದಿನೇಶ್‌ಗೆ ಪಲ್ಲಾವರದಲ್ಲಿ ಏನೋ ಕೆಲ್ಸ ಐತಂತೆ, ನನ್ನ ನಿಮ್ಮನೆ ತಾವ ಬಿಟ್ಟು ಹೋಯ್ತಾರೆ, ನವರಾತ್ರೀಲಿ ಗೊಂಬೆ ನೋಡಕ್ಕೆ ಕರೀದೇ ಇದ್ರೂ ಬರ್ಬೋದಂತಲ್ಲ, ನೀವು ಆಫೀಸಿಂದ ನಿಧಾನಕ್ಕೆ ಬನ್ನಿ, ನಿಮ್ಮ ಮಗಳ ಜೊತೆ ಕೂತಿರ್ತೀನಿ — ಬೇಡ ಅನ್ನುವಷ್ಟರಲ್ಲಿ ಇಟ್ಟೇಬಿಟ್ಟಳು, ಅವಳ ಹತ್ತಿರ ಸೆಲ್‌ಫೋನ್ ಇಲ್ಲ, ನನ್ನ ಹತ್ತಿರವೂ ಇಲ್ಲ, ವಿಳಾಸ ಮಾತ್ರ ಇದೆ, ಹೊಲಿಗೆ ಶಿಬಿರದ ನೋಟ್‌ಬುಕ್ಕಿನಲ್ಲಿ ನಾನೇ ಮುದ್ದಾಗಿ ಬರೆದುಕೊಟ್ಟದ್ದು. ಮಗಳು ಸುಮೇಧಾ ಟ್ಯೂಷನ್ನಿನಿಂದ ಬರುವುದು ಐದಕ್ಕೆ. ಅಲ್ಲಿಯವರೆಗೆ ಬಾಗಿಲು ತೆಗೆಯುವವರು ನಮ್ಮತ್ತೆ ಗೋದಾಬಾಯಿ. ಮೌನಳ ಪಾಲಿಗೆ ನಮ್ಮತ್ತೆ ಸತ್ತು ಏಳೂವರೆ ತಿಂಗಳಾಗಿದೆ. ಸಾಯಿಸಿದವಳು ನಾನು, ಬಾಯಿಮಾತಿನಲ್ಲಿ, ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ.

ಚೆಟ್‌ಪೆಟ್ ಆಯಿತು, ನುಂಗಂಬಾಕ್ಕಂ ಆಯಿತು, ಗಾಡಿ ಇಷ್ಟು ನಿಧಾನವಾಗಿ ಯಾವತ್ತೂ ಹೋಗಿರಲಿಲ್ಲ, ಮೌನ ಫೋನಿಟ್ಟ ತಕ್ಷಣ ಮನೆಗೆ ಫೋನ್ ಮಾಡಿದೆನಲ್ಲ, ಅತ್ತೆಯೇ ತೆಗೆದರು, ಹಲೋ ಯಾರು, ಅವರದು ಫೋನಿನಲ್ಲಿ ಕಿರುಚುವ ದನಿ, ಊರಿಂದೂರಿಗೆ ಕೂಗುವ ಹಾಗೆ, ನಾನು ಏನೆಂದು ಹೇಳಲಿ, ಅತ್ತೆ ಸ್ವಲ್ಪ ಹೊತ್ತು ಮನೆ ಬಿಟ್ಟು ಹೋಗಿರಿ, ಒಬ್ಬಳು ಬರುತ್ತಾಳೆ, ಅವಳ ಲೆಕ್ಕದಲ್ಲಿ ನೀವು ಇಲ್ಲ ಎನ್ನಲೇ, ಎಪ್ಪತ್ತಮೂರು ವರ್ಷದ ಮಂಡಿನೋವಿನವರು ಎಲ್ಲಿಗೆ ಹೋಗುತ್ತಾರೆ, ಕೊನೆಗೆ ನಾನು ಕೇಳಿದ್ದು, ಅತ್ತೆ ಹಾಲು ಬಂತಾ, ಹಾಲು ಬೆಳಿಗ್ಗೇನೇ ಬಂದು ಕಾಯಿಸಿಯೂ ಆಯ್ತಲ್ಲೇ, ಏನಾಗಿದೆ ನಿಂಗೆ, ಒಡಂಬು ಸರಿಯಿಲ್ವಾ, ಇಲ್ಲ ಅತ್ತೆ ಸುಮ್ಮನೆ ಕೇಳಿದೆ, ಸರಿ ಸೀಕ್ರ ಬಾ, ಸುಂಡಲ್‌ಗೆ ಕಡಲೆ ನೆನೆಹಾಕಿದೀನಿ. ನನ್ನ ಮೈ ಸರಿಯಿಲ್ಲವೇನೋ ಎಂದು ಅವರಿಗೆ ಯೋಚನೆ. ಸತ್ತವರು ಕೇಳುವ ಪ್ರಶ್ನೆಯೇ ಇದು. ಇಪ್ಪತ್ತೊಂದು ವರ್ಷದಿಂದ ಒಂದೇ ಅಡಿಗೆಮನೆಯಲ್ಲಿ ಅವರು ನಾನು, ಜಗಳವಾಡಿದ್ದೇವೆ, ಮಾತು ಬಿಟ್ಟಿದ್ದೇವೆ, ಹುಳಿಗೆ ಉಪ್ಪು ಯಾರು ಹಾಕಿದ್ದೆಂದು ವಾರಗಟ್ಟಲೆ ಮುಖ ತಿರುಗಿಸಿದ್ದೇವೆ, ಆದರೆ ಸಾಯಲಿ ಎಂದು ನಾನು ಒಂದು ದಿನವೂ ಅಂದುಕೊಂಡವಳಲ್ಲ, ರಾಯರಾಣೆ. ಅಂದುಕೊಳ್ಳದೆಯೇ ಹೇಳಿಬಿಟ್ಟೆ, ಅದು ಇನ್ನೂ ಕೆಟ್ಟದ್ದಲ್ಲವೇ, ಗೊತ್ತಿಲ್ಲ.

ಕೋಡಂಬಾಕ್ಕಂ. ಇಲ್ಲಿ ಇಳಿದೇ ಹೋಗಿದ್ದು ಆ ಎರಡು ದಿನ, ಆಷಾಢದ ಶನಿವಾರ ಭಾನುವಾರ, ವಡಪಳನಿ ಕೋಯಿಲ್ ಗೋಪುರದ ಹಿಂದಿನ ಬೀದಿಯಲ್ಲಿ ಪುಟ್ಟ ಕಲ್ಯಾಣ ಮಂಟಪ, ಕನ್ನಡ ಮಹಿಳಾ ಕೂಟದವರ ಕೌದಿ ಹೊಲಿಗೆ ಶಿಬಿರ, ಅಲ್ಲೇ ಊಟ ಅಲ್ಲೇ ಮಲಗುವುದು, ಮನೆಯಲ್ಲಿ ನಾನು ಆಫೀಸಿನ ಟ್ರೈನಿಂಗ್ ಎಂದಿದ್ದೆ, ಯಾಕೆಂದರೆ ನಲವತ್ತಾರು ವರ್ಷದವಳು ಸ್ನೇಹಿತರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ ಎಂದು ಹೇಳಲು ನಾಚಿಕೆ, ನಾಲ್ಕು ತಲೆಮಾರು ಮದರಾಸಿನಲ್ಲೇ ಇದ್ದವರಿಗೆ ನೆಂಟರು ಇದ್ದಾರೆ, ಮಠದವರು ಇದ್ದಾರೆ, ಆಫೀಸಿನವರು ಇದ್ದಾರೆ, ನನಗೇ ಎಂದು ಒಬ್ಬಳು ಇಲ್ಲ. ಹೋಗಿ ಕೂತ ಹತ್ತೇ ನಿಮಿಷಕ್ಕೆ ವಾಪಸು ಹೋಗೋಣವೆನ್ನಿಸಿತು, ಸೂಜಿ ಎನ್ನುವ ಬದಲು ಊಸಿ ಕೊಡಿ ಅಂದುಬಿಟ್ಟೆ, ಅಯ್ಯೋ ಇವ್ರು ತಮಿಳ್ನೋರಾ ಎಂದು ಯಾರೋ ನಕ್ಕರು, ಕತ್ತರಿಗೆ ಕತ್ರಿಕೋಲು ಅಂದೆ, ಮತ್ತೆ ನಕ್ಕರು, ಕೆಟ್ಟ ನಗುವಲ್ಲ, ಆದರೂ ಆಮೇಲೆ ನಾನು ಬಾಯಿ ಬಿಚ್ಚಲಿಲ್ಲ. ಕಲಿಸುವುದಕ್ಕೆ ಹಿರಿಯೂರು ಕಡೆಯಿಂದ ಕರಿಯಮ್ಮ ಎನ್ನುವ ಹೆಂಗಸನ್ನು ಕರೆಸಿದ್ದರು, ಅಂಗೈಯೆಲ್ಲ ಜಡ್ಡು, ಕಿವಿಯಲ್ಲಿ ದೊಡ್ಡ ಬುಗುಡಿ, ಅವಳದೊಂದು ಕಟ್ಟಳೆ, ಕೌದಿಗೆ ಹೊಸ ಬಟ್ಟೆ ಕೂಡದು, ಯಾರೋ ಉಟ್ಟು ಸವೆಸಿದ್ದೇ ಬೇಕು, ಅದೂ ಒಂದೊಂದು ತುಂಡು ಇಡುವ ಮುಂಚೆ ಅದು ಯಾರದೆಂದು ನಾಲ್ಕು ಜನರ ಎದುರಿಗೆ ಹೇಳಬೇಕು, ಹೆಸ್ರು ಹೇಳ್ದೆ ಸೂಜಿ ಚುಚ್ಚಂಗಿಲ್ಲ ನೋಡ್ರವ್ವಾ, ಯಾರ ಬಟ್ಟೆ ಅಂತ ಗೊತ್ತಿಲ್ದೆ ಹೊದ್ಕಂಡ್ರೆ ನಿದ್ದೆ ಹತ್ತಲ್ಲ. ನನ್ನ ಚೀಲದಲ್ಲಿ ಅತ್ತೆಯ ಬೂದುಬಣ್ಣದ ವಾಯಿಲ್ ಸೀರೆ, ನಮ್ಮ ಮನೆಯಲ್ಲಿ ಹಳೆ ಸೀರೆ ಉಳಿಯುವುದೆಲ್ಲಿ, ತಿಂಗಳಿಗೊಮ್ಮೆ ಪಾತ್ರೆಕಾರಿ ಬರುತ್ತಾಳೆ, ಹಳೆ ಬಟ್ಟೆ ಕೊಟ್ಟರೆ ಎವರ್‌ಸಿಲ್ವರ್ ಪಾತ್ರೆ, ಅತ್ತೆ ಅವಳಿಗೆಂದು ಕಟ್ಟಿಟ್ಟ ಗಂಟಿನಿಂದ ನಾನು ಕದ್ದು ತಂದದ್ದು. ಒಂದು ಡಬರಾಗೆ ಕಮ್ಮಿ ಬಿತ್ತಲ್ಲೇ, ಆ ವಾಯಿಲ್ ಎಲ್ಲಿ ಹೋಯ್ತು ಎಂದು ಅವರು ಇವತ್ತಿಗೂ ಬೀರು ತಡಕುತ್ತಾರೆ.

ನಮ್ಮ ಸಾಲಿನಲ್ಲಿ ಮೊದಲನೆಯವಳು, ಇದು ನಮ್ಮಜ್ಜಿದು, ತೀರಿಹೋಗಿ ಹತ್ತು ವರ್ಷ, ಎರಡನೆಯವಳು, ಇದು ನಮ್ಮಣ್ಣನ ಪಂಚೆ, ಆಕ್ಸಿಡೆಂಟಿನಲ್ಲಿ ಹೋದ, ಮೂರನೆಯವಳು ಮೌನ, ಮೂವತ್ತು ದಾಟಿರಲಾರದು, ಮಂಡ್ಯದ ಕಡೆಯವಳು, ಗಂಡ ದಿನೇಶನ ಕೆಲಸಕ್ಕೆಂದು ಚೆನ್ನೈಗೆ ಬಂದು ಒಂದು ವರ್ಷ, ತಮಿಳು ಬಾರದು, ಅವಳ ಮಡಿಲಲ್ಲಿ ಹಸಿರು ನೂಲಿನ ಸೀರೆ, ಇದು ನಮ್ಮವ್ವಂದು, ಜಾನಕಮ್ಮ ಅಂತ, ಶಿವರಾತ್ರಿ ಆಗಿ ನಾಲ್ಕು ದಿನಕ್ಕೆ ಹೋಗ್ಬುಟ್ರು, ಅಷ್ಟೇ ಹೇಳಲಾಗಿದ್ದು, ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು. ಆಮೇಲೆ ಕರಿಯಮ್ಮ ನನ್ನ ಕಡೆ ತಿರುಗಿ, ನಿಂದು ಯಾರ್ದವ್ವಾ. ನಮ್ಮತ್ತೇದು, ಗೋದಾಬಾಯಿ ಅಂತ ಅಂದೆ, ಇಲ್ಲಿಯವರೆಗೆ ನಿಜ, ಇಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮೌನ ಮುಖದಿಂದ ಸೀರೆ ತೆಗೆದು, ಕೆಂಪು ಕಣ್ಣಲ್ಲಿ ನನ್ನನ್ನು ನೋಡಿ, ಅವ್ರು ತೀರ್ಕೊಂಡು ಎಷ್ಟ್ ದಿನ ಆಯ್ತಕ್ಕ ಎಂದಳು. ಆ ಗಳಿಗೆಯಲ್ಲಿ, ಅವರು ಚೆನ್ನಾಗಿದ್ದಾರೆ, ಮನೆಯಲ್ಲಿ ಸೀರಿಯಲ್ ನೋಡುತ್ತಾ ವಿಲನ್‌ಗೆ ಶಾಪ ಹಾಕುತ್ತಾ ಇದ್ದಾರೆ ಎಂದರೆ ಎಲ್ಲರೂ ನಗುತ್ತಾರೆ, ಅಳುತ್ತಿರುವ ಹುಡುಗಿಯ ಎದುರಿಗೆ ನಗು ಎಬ್ಬಿಸಿದವಳಾಗುತ್ತೇನೆ, ಊಸಿ ಕೇಳಿದ ತಮಿಳಿನವಳು — ಇಷ್ಟೆಲ್ಲ ಯೋಚಿಸಿದೆನೇ, ಇಲ್ಲ, ಈಗ ಕಟ್ಟುತ್ತಿರುವ ನೆಪ ಇದು, ಯೋಚಿಸಲಿಲ್ಲ, ಐದು ತಿಂಗಳಾಯ್ತು ಎಂದು ಬಾಯಿಗೆ ಬಂತು, ಆರು ಎನ್ನಲಿಲ್ಲ, ಐದು, ಅವಳ ತಾಯಿ ಹೋದಷ್ಟೇ ತಿಂಗಳು, ಅವಳ ಪಕ್ಕದಲ್ಲೇ ನಿಲ್ಲುವ ಹಾಗೆ ಅಳತೆ ಮಾಡಿ ಹೇಳಿದೆ. ಮೌನ ಕೈಚಾಚಿ ನನ್ನ ಕೈ ಹಿಡಿದುಕೊಂಡಳು. ಬೆವರಿದ ಬಿಸಿ ಕೈ. ನನ್ನ ಕೈಯನ್ನು ಹಾಗೆ ಯಾರೂ ಹಿಡಿದು ಎಷ್ಟು ವರ್ಷವಾಗಿತ್ತೋ.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ಹೊರೆ ಎನ್ನುತ್ತಾರೆ, ಹೊರೆ ಅನ್ನಿಸಲೇ ಇಲ್ಲವಲ್ಲ ಅವತ್ತು, ಹಗುರ ಅನ್ನಿಸಿತು, ಅದೇ ನನಗೆ ಈಗ ಹೇಸಿಗೆ. ಕರಿಯಮ್ಮ ಇಬ್ಬಿಬ್ಬರಿಗೆ ಒಂದು ಕೌದಿ ಎಂದಳು, ಎದುರುಬದುರು ಕೂತು ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರಬೇಕು, ಮಂಡಿಗೆ ಮಂಡಿ ತಾಗಿದಾಗ ಕೌದಿ ಮುಗಿಯಿತು, ನಾನು ಮೌನ ಒಂದು ಜೋಡಿ, ಅವಳವ್ವನ ಹಸಿರು, ನಮ್ಮತ್ತೆಯ ಬೂದು, ಒಂದರ ಪಕ್ಕ ಒಂದು. ಅವಳು ಅವ್ವನ ಕಡೆಯ ದಿನಗಳ ಮಾತು ತೆಗೆದಳು, ಮೈಸೂರಿನ ಆಸ್ಪತ್ರೆ, ನೀರು ಕೇಳಿದ್ದು, ತಾನು ರೈಲಿನಲ್ಲಿದ್ದದ್ದು, ತಲುಪುವಷ್ಟರಲ್ಲಿ ಮುಗಿದುಹೋಗಿದ್ದು, ನಾನೂ ಸುಮ್ಮನಿರಲಿಲ್ಲ, ನಮ್ಮತ್ತೆಗೂ ನೀರು ಕುಡಿಸಿದೆ, ನನ್ನ ತೊಡೆಯ ಮೇಲೆ ತಲೆಯಿಡಿಸಿದೆ, ನೀರಜಾ ನೀನು ಮಗಳಿಗಿಂತ ಹೆಚ್ಚು ಎಂದು ಹೇಳಿಸಿದೆ, ಅವರು ಇಪ್ಪತ್ತೊಂದು ವರ್ಷದಲ್ಲಿ ಆಡದ ಮಾತನ್ನು ಸಾಯುವಾಗ ಅವರ ಬಾಯಿಂದ ಆಡಿಸಿದೆ, ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು, ನಿಜವಾದ ಅಳು, ಮೂಗು ಸೋರುವಂಥದ್ದು, ಮೌನ ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಭಾನುವಾರ ಸಂಜೆ ಮಂಡಿಗೆ ಮಂಡಿ ತಾಗಿತು, ಇಬ್ಬರೂ ನಕ್ಕೆವು, ಕೌದಿ ನೀನೇ ಇಟ್ಕೋ ಎಂದೆ, ಎಷ್ಟು ಒಳ್ಳೆಯೋರಕ್ಕ ನೀವು ಎಂದಳು. ಒಳ್ಳೆಯವಳು! ಮನೆಗೆ ತಂದರೆ ಅತ್ತೆ ತಮ್ಮ ಸೀರೆ ಗುರುತು ಹಿಡಿಯುತ್ತಾರೆಂದು ಕೊಟ್ಟವಳು ನಾನು.

ಮಾಂಬಲಂ, ಜನ ನುಗ್ಗುತ್ತಿದ್ದಾರೆ, ನವರಾತ್ರಿ, ದೀಪಾವಳಿ, ಒಬ್ಬೊಬ್ಬರ ಕೈಯಲ್ಲೂ ಜವಳಿ ಅಂಗಡಿ ಚೀಲ, ನನ್ನ ಮಂಡಿಗೆ ಒಂದು ಚೀಲ ಒತ್ತುತ್ತಿದೆ, ಒತ್ತಲಿ. ಇದೇ ಸ್ಟೇಷನ್ನಿನ ಹೊರಗೆ, ಆ ಇಕ್ಕಟ್ಟು ಬೀದಿಯಲ್ಲಿ, ಮೂರು ವರ್ಷದ ಹಿಂದೆ ಅತ್ತೆ ಒಂದು ಅಂಗಡಿ ಗಾಜಿನ ಎದುರು ನಿಂತುಬಿಟ್ಟಿದ್ದರು, ಕಂಚಿ ನೂಲಿನ ಸೀರೆ, ಅರಿಶಿನ ಬಣ್ಣದ ಮೈ, ಅಂಗೈಯಗಲ ಕೆಂಪಂಚು, ಮಾವ ಕಿಟ್ಟಣ್ಣನವರು ಇದ್ದಾಗ ಅತ್ತೆ ಉಡುತ್ತಿದ್ದದ್ದು ಅಂಥವೇ, ಅವರು ಹೋದ ಮೇಲೆ ಹದಿನೆಂಟು ವರ್ಷದಿಂದ ಬೂದು, ಬಿಳಿ, ತೊಳೆದ ನೀಲಿ. ಗಾಜಿನ ಮೇಲೆ ಅಂಗೈ ಇಟ್ಟು, ಎಷ್ಟು ಅಗಲ ಅಂಚು ನೋಡೇ ನೀರಜಾ, ಎಂದರು, ಕೊಡಿಸು ಎನ್ನಲಿಲ್ಲ, ನಾನು ಸುಮೇಧಾಳ ಶೂ ಚೀಲ ಹಿಡಿದು ಬೆವರುತ್ತಾ, ನಿಮಗೆ ಈಗ ಅದೆಲ್ಲ ಚೆನ್ನಾಗಿರಲ್ಲ ಅತ್ತೆ, ಬನ್ನಿ ಗಾಡಿ ತಪ್ಪುತ್ತೆ, ಅಂದೆ. ಗಾಜಿನಿಂದ ಕೈ ತೆಗೆದು ಬಂದರು. ಇದನ್ನೂ ಮೌನಳಿಗೆ ಹೇಳಿದೆ, ಆ ಎರಡು ದಿನದಲ್ಲಿ ನಾನು ಹೇಳಿದ ಒಂದೇ ನಿಜ, ಅದಕ್ಕೂ ಕೊನೆಯಲ್ಲಿ ಬಾಲ ಅಂಟಿಸಿದೆ, ಕೊಡಿಸೋಣ ಅಂತಿದ್ದೆ ಕಣೇ, ಅಷ್ಟರಲ್ಲಿ ಹೋಗಿಬಿಟ್ಟರು. ಮೌನ ಸೂಜಿ ನಿಲ್ಲಿಸಿ, ಅಂಚು ಎಷ್ಟಗ್ಲ ಇತ್ತಕ್ಕ ಎಂದಳು, ನಾನು ಅಂಗೈ ತೋರಿಸಿದೆ.

ಸೈದಾಪೇಟೆ, ಗಿಂಡಿ, ಶಿಬಿರ ಮುಗಿದ ಮೇಲೆ ಈ ಎರಡೂವರೆ ತಿಂಗಳು, ದಿನಾ ಹನ್ನೊಂದು ಗಂಟೆಗೆ ಆಫೀಸಿಗೆ ಫೋನು, ಅಕ್ಕ ಊಟ ಏನು ತಂದ್ರಿ, ಅಕ್ಕ ಬಸ್ಸಲ್ಲಿ ಕಂಡಕ್ಟರು ಏನೋ ಬೈದ, ಅದಕ್ಕೆ ಏನರ್ಥ, ಬುಧವಾರ ಬುಧವಾರ ಎಗ್ಮೋರ್ ಮ್ಯೂಸಿಯಮ್ಮಿನ ಮರದ ಕೆಳಗೆ ಅವಳ ಮುದ್ದೆ ನನ್ನ ಮೊಸರನ್ನ, ಅವಳ ಡಬ್ಬಿಗೆ ನಾನು ಕೈ ಹಾಕುವುದಿಲ್ಲ, ಅದನ್ನೂ ಅವಳು ತಮಾಷೆ ಮಾಡುತ್ತಾಳೆ, ನಾನು ನಗುತ್ತೇನೆ, ಮಂಗಳವಾರ ಬಂತೆಂದರೆ ನಾಳೆ ಬುಧವಾರ ಎಂದು ನನಗೆ ಖುಷಿ, ಇವತ್ತು ಮಂಗಳವಾರ. ನಿಮ್ಮನೆಗೆ ಬರ್ತೀನಿ ಎಂದಾಗಲೆಲ್ಲ ಸುಣ್ಣ ಹೊಡೆಯುತ್ತಿದ್ದಾರೆ, ಮಗಳಿಗೆ ಪರೀಕ್ಷೆ, ಯಜಮಾನರು ತಿರುಮಲ ಟೂರಿನಿಂದ ಜ್ವರ ತಂದಿದ್ದಾರೆ, ಮನೆಯಲ್ಲಿ ಎಷ್ಟು ಸಲ ಸುಣ್ಣ ಹೊಡೆಸಿದೆ ದೇವರೇ. ಹೇಳಿಬಿಡಬಹುದಿತ್ತು, ಮೊದಲ ಬುಧವಾರವೇ, ಮೌನ ಒಂದು ತಪ್ಪಾಗಿದೆ ಎಂದು, ಬಾಯಿತನಕ ಬಂದದ್ದೂ ಉಂಟು, ಅಷ್ಟರಲ್ಲಿ ಅವಳು, ನಮ್ಮವ್ವ ಹೋದ್ಮೇಲೆ ನಂಗೆ ಮಾತಾಡಕ್ಕೆ ಸಿಕ್ಕಿದ್ದು ನೀವೊಬ್ರೇ ಕಣಕ್ಕ, ನಿಮ್ಗೆ ಗೊತ್ತಾಯ್ತದೆ, ಬೇರೆಯೋರಿಗೆ ಗೊತ್ತಾಗಲ್ಲ, ಎಂದಳು, ನಾನು ಮೊಸರನ್ನ ನುಂಗಿದೆ. ಅವಳವ್ವ ನಿಜವಾಗಿ ಸತ್ತಿದ್ದಾಳೆ. ಬದುಕಿರುವವರನ್ನು ಆ ಸಾವಿನ ಪಕ್ಕದಲ್ಲಿ ಮಲಗಿಸಿ ನಾನು ಒಬ್ಬ ಸ್ನೇಹಿತೆಯನ್ನು ಸಂಪಾದಿಸಿದ್ದೇನೆ, ಇವತ್ತು ಕಳೆದುಕೊಳ್ಳುತ್ತೇನೆ, ನ್ಯಾಯವೇ, ಅವಳು ಉಗಿದು ಹೋಗಲಿ, ಆದರೆ ಅತ್ತೆ, ಅವರಿಗೆ ಗೊತ್ತಾಗುತ್ತದಲ್ಲ, ಬಾಗಿಲಲ್ಲಿ ನಿಂತ ಅಪರಿಚಿತ ಹುಡುಗಿಯ ಬಾಯಿಂದ, ನೀರಜಕ್ಕನ ಅತ್ತೆ ತೀರ್ಕೊಂಡ್ರಲ್ಲ ಎಂದು, ಸೊಸೆ ಊರತುಂಬ ತನ್ನನ್ನು ಸತ್ತಳೆಂದು ಸಾರಿಕೊಂಡು ಬಂದಿದ್ದಾಳೆ ಎಂದು, ಅವರು ಆಗ ಬಾಗಿಲಿನ ಚಿಲಕ ಹಿಡಿದುಕೊಂಡಿರುತ್ತಾರೆ, ಬಲಗೈಯಲ್ಲಿ, ಎಡಗೈ ಮಂಡಿಯ ಮೇಲೆ, ಅವರು ನಿಲ್ಲುವುದೇ ಹಾಗೆ. ಮೀನಂಬಾಕ್ಕಂ. ವಿಮಾನವೊಂದು ತಲೆಯ ಮೇಲೇ ಇಳಿಯಿತು. ಪಲ್ಲಾವರ. ಹೂವಿನವಳು ದಾರ ಕಡಿದು ಎದ್ದಳು.

ಕ್ರೋಂಪೇಟೆಯಲ್ಲಿ ಇಳಿದು ಗೇಟು ದಾಟಿ ಓಡಿದೆ, ನಲವತ್ತಾರರ ದೇಹ ಓಡುವುದನ್ನು ಓಟ ಎನ್ನುವುದಾದರೆ, ಚರ್ಮ ಹದಮಾಡುವ ತೊಟ್ಟಿಯ ನಾತ, ಗೊಂಬೆ ಮಾರುವವನ ಗಾಡಿ, ಎರಡನೇ ಮಹಡಿ, ಮೆಟ್ಟಿಲು, ಬಾಗಿಲು ತೆಗೆದೇ ಇದೆ, ಹೊರಗೆ ಮೌನಳ ನೀಲಿ ಚಪ್ಪಲಿ, ಬಂದಾಗಿದೆ, ಎಲ್ಲ ಮುಗಿದಿದೆ, ಒಳಗಿನಿಂದ ಏನು ಸದ್ದು, ಅಳುವೇ, ಅಲ್ಲ, ನಗು, ಅತ್ತೆಯ ನಗು, ಎರಡು ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಹೋಗುವ ನಗು. ಗೊಂಬೆ ಮೆಟ್ಟಿಲ ಎದುರಿಗೆ ಅತ್ತೆ ತಮ್ಮ ಮಂಚದ ಮೇಲೆ, ಯಾರನ್ನೂ ಕೂರಿಸಿಕೊಳ್ಳದ ಆ ಮಡಿ ಮಂಚದ ಇನ್ನೊಂದು ತುದಿಯಲ್ಲಿ ಮೌನ, ಕೈಯಲ್ಲಿ ಕಾಫಿ ಲೋಟ, ಮೂಗು ಕೆಂಪಗಿದೆ, ಅತ್ತಿದ್ದಾಳೆ, ನನ್ನನ್ನು ನೋಡಿ ಎದ್ದು ಬಂದು ತೋಳಿಗೆ ಒಂದು ಗುದ್ದು ಕೊಟ್ಟಳು, ಏನಕ್ಕ ನೀವು, ನಂಗೊಂದ್ ಮಾತ್ ಹೇಳ್ಬಾರ್ದಾಗಿತ್ತಾ, ಬಾಗ್ಲು ತೆಗೆದ್ರಲ್ಲ ದೊಡ್ಡಮ್ಮ, ನಾನು ಅವ್ರ ಅತ್ತೆ ಕಣಮ್ಮಾ ಅಂದ್ರಲ್ಲ, ನನ್ನ ಎದೆ ನಿಂತೇ ಹೋಯ್ತು! ಅತ್ತೆ ನನ್ನ ಮುಖ ನೋಡದೆ ಹೇಳಿದರು, ನಾನೇ ಎಲ್ಲ ಹೇಳಾಯ್ತು ಬಿಡೇ, ಕಾಗೆ ಸಮಾಚಾರ. ಯಾವ ಕಾಗೆ, ಎಂದೆ. ಅದೇ ಕಣೇ, ಆಡಿ ಮಾಸದಲ್ಲಿ ಮೊಟ್ಟೆಮಾಡೀಲಿ, ತಾರಸಿ ಮೇಲೆ, ಅಪ್ಪಳ ಒಣಹಾಕ್ತಿದ್ದಾಗ ಕಾಗೆ ನನ್ನ ತಲೆಗೆ ಬಡೀತಲ್ಲ, ಕಾಗೆ ತಲೆ ಮುಟ್ಟಿದ್ರೆ ಸಾವು ಹತ್ರ ಅಂತ, ಸತ್ತೋದ್ಳು ಅಂತ ಸುಳ್ಳು ಸುದ್ದಿ ಕಳಿಸಿ ಯಾರಾದ್ರೂ ಒಬ್ರು ನಿಜವಾಗಿ ಅತ್ರೆ ಕಂಟಕ ಕಳೀತು ಅಂತ, ನಂಟ್ರಿಗೆ ಹೇಳಿದ್ರೆ ಮರುದಿನವೇ ಟ್ಯಾಕ್ಸಿ ಹಿಡಿದು ಬಂದ್ಬಿಡ್ತಾರೆ, ಅದಕ್ಕೇ ಹೊಸಬ್ರ ಹತ್ರ ಹೇಳಿಬಾರೇ ಅಂತ ನಾನೇ ಕಳಿಸಿದ್ದು, ಪಾಪ ಇವಳು ಹೇಳಲಾರೆ ಹೇಳಲಾರೆ ಅಂತಿದ್ಳು. ಮೌನಳ ಕಡೆ ತಿರುಗಿ, ನೀನು ಅತ್ತಿದ್ಯಂತಲ್ಲ ಹುಡುಗಿ, ನಿನ್ನಿಂದ ನನ್ನ ಆಯುಸ್ಸು ಉಳೀತು, ನೂರು ವರ್ಷ ಬಾಳು. ನಮ್ಮೂರಲ್ಲೂ ಹಂಗೇ ಮಾಡ್ತಾರೆ ದೊಡ್ಡಮ್ಮ, ನಮ್ಮವ್ವಂಗೂ ಯಾರಾದ್ರೂ ಹಂಗ್ ಮಾಡಿದ್ರೆ, ಎಂದು ಮೌನ ಅರ್ಧಕ್ಕೆ ನಿಲ್ಲಿಸಿದಳು. ಯಾವ ಕಾಗೆಯೂ ಬಡಿದಿಲ್ಲ, ಆಷಾಢದಲ್ಲಿ ಅತ್ತೆ ಮಂಡಿನೋವಿಗೆ ತಾರಸಿ ಹತ್ತಿಯೇ ಇಲ್ಲ, ಅಪ್ಪಳ ಈ ವರ್ಷ ಅಂಗಡಿಯದು. ಬಾಗಿಲಲ್ಲಿ ಆ ಮಾತು ಕಿವಿಗೆ ಬಿದ್ದು, ಕಾಗೆಯನ್ನು ಹುಟ್ಟಿಸುವಷ್ಟರಲ್ಲಿ ಅವರಿಗೆ ಎಷ್ಟು ಹೊತ್ತು ಹಿಡಿದಿರಬೇಕು, ಒಂದು ಉಸಿರೇ, ಎರಡೇ.

ಚೀಲದಲ್ಲಿ ಏನೇ ಅದು, ಬಂದಾಗಿಂದ ಹಿಂದೆ ಹಿಂದೆ ಮುಚ್ಚಿಡ್ತಿದೀಯ, ಎಂದರು ಅತ್ತೆ. ಮೌನ ಚೀಲವನ್ನು ಇನ್ನೂ ಹಿಂದಕ್ಕೆ ಸರಿಸಿದಳು, ಏನಿಲ್ಲ ದೊಡ್ಡಮ್ಮ, ಅದು ಈಗ ಬ್ಯಾಡ, ತಿರುಗಿಸಿ ತಗೊಂಡೋಯ್ತೀನಿ. ನನಗಂತ ತಂದದ್ದಾ ಇವಳಿಗಂತಾ. ಮೌನ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ, ಅವಳು ತಡೆತಡೆದು ಹೇಳಿದಳು, ಮೊನ್ನೆ ಭಾನ್ವಾರ ಮಾಳಯ ಅಮಾಸೆ, ನಮ್ಮವ್ವಂಗೆ ಎಡೆ ಇಟ್ಟೆ, ಸತ್ತೋರಿಗೆ ಇಷ್ಟವಾದ್ದು ಇಡ್ಬೇಕಲ್ಲ, ಹೊಸ ಬಟ್ಟೆ ಇಡ್ಬೇಕಲ್ಲ, ಒಂದೇ ಕೌದೀಲಿ ಇಬ್ರೂ ಅವ್ರೆ, ಒಬ್ರಿಗಿಟ್ಟು ಒಬ್ರಿಗೆ ಇಡ್ದೇ ಇದ್ರೆ ನಂಗೆ ಸರಿಯಾಗ್ಲಿಲ್ಲ, ನೀವು ಬ್ರಾಂಬ್ರು ಅಂತ ನಿಮ್ದು ಬೇರೆ ಕೋಣೇಲಿ ಬೇರೆ ಎಲೆ, ಸ್ನಾನ ಮಾಡಿ ಬೇರೆ ಒಲೆ ಹಚ್ಚಿ, ಈರುಳ್ಳಿ ಇಲ್ದೆ, ಪಾಯಸ, ಕೋಸಂಬರಿ, ಎಡೆಗಿಟ್ಟ ಸೀರೆ ಮನೆ ಹೆಣ್ಮಗಳು ಉಡ್ಬೇಕು, ಅಕ್ಕಂಗೆ ಕೊಡಾಣ ಅಂತ ಬಂದೆ, ತಪ್ಪು ತಿಳ್ಕೋಬ್ಯಾಡಿ. ನನಗೆ ಸತ್ತುಹೋಗೋಣವೆನ್ನಿಸಿತು, ಸುಮ್ಮನೆ ಹೇಳುವ ಮಾತಲ್ಲ. ಅತ್ತೆ ಮಾತ್ರ, ಪಾಯಸಕ್ಕೆ ಗಸಗಸೆ ಹಾಕಿದ್ಯಾ ಕಡಲೆಬೇಳೆಯಾ, ಎಂದು ಕೇಳಿದರು. ಗಸಗಸೆ ದೊಡ್ಡಮ್ಮ. ಒಳ್ಳೇದು, ಎಂದು ಕೈ ನೀಡಿದರು, ಕೊಡು. ಬ್ಯಾಡಿ ದೊಡ್ಡಮ್ಮ, ಸತ್ತೋರಿಗೆ ಇಟ್ಟಿದ್ದು, ಬದುಕಿರೋರು ನೀವು, ಅಪಶಕುನ. ಯಾರ ಹೆಸ್ರಲ್ಲಿ ಇಟ್ಟೆ. ಮೌನ ಚೀಲದ ಹಿಡಿಕೆ ಬಿಗಿಹಿಡಿದಳು. ಗೋದಾಬಾಯಿ ಅಂತ ತಾನೆ ಇಟ್ಟದ್ದು, ನನ್ನದು ನನಗೆ ಕೊಡೇ. ಚೀಲದಿಂದ ಸೀರೆ ಹೊರಗೆ ಬಂತು, ಸಾಂಬ್ರಾಣಿ ವಾಸನೆ ಹಾಲ್ ತುಂಬ ಎದ್ದಿತು, ಅರಿಶಿನ ಬಣ್ಣದ ಮೈ, ಅಂಗೈಯಗಲ ಕೆಂಪಂಚು.

ಸುಮೇಧಾ ಟ್ಯೂಷನ್ ಮುಗಿಸಿ ಬಂದಳು, ಮೌನಳಿಗೆ ಕುಂಕುಮ ಕೊಡಲು ಅತ್ತೆ ಅವಳಿಗೇ ಹೇಳಿದರು, ತಾವು ಮಾಡುವಂತಿಲ್ಲವಲ್ಲ, ಸುಂಡಲ್ ಪೊಟ್ಟಣ ಕಟ್ಟಿಕೊಟ್ಟರು, ಕೆಳಗೆ ದಿನೇಶನ ಕಾರು ಹಾರನ್ ಹಾಕಿತು, ಮೆಟ್ಟಿಲ ಹತ್ತಿರ ಮೌನ ನನ್ನ ಕೈ ಹಿಡಿದಳು, ಅದೇ ಬಿಸಿ ಕೈ, ನಮ್ಮವ್ವ ಅಂತೂ ಬರಲ್ಲ ಕಣಕ್ಕ, ನಿಮ್ಮತ್ತೆನಾದ್ರೂ ತಿರುಗಿ ಬಂದ್ರಲ್ಲ, ನಂಗೆ ಎಷ್ಟ್ ಖುಷಿ ಆಯ್ತು ಗೊತ್ತಾ, ನಾಳೆ ಬುಧವಾರ, ಮರೀಬ್ಯಾಡಿ. ಮರೆಯುವುದಿಲ್ಲ ಎಂದೆ. ಸ್ನೇಹ ಉಳಿಯಿತು, ಅತ್ತೆ ಉಳಿಸಿಕೊಟ್ಟರು, ನಾಳೆ ಮರದ ಕೆಳಗೆ ಕೂತು ಅವಳ ಮುಖ ನೋಡಿಕೊಂಡು ಕಾಗೆಯ ಕಥೆಗೆ ನಾನು ಹೂಂಗುಟ್ಟಬೇಕು. ಬಾಗಿಲು ಹಾಕಿ ಅಡಿಗೆಮನೆಗೆ ಹೋದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ, ಈಗ ಕರೆಯುತ್ತಾರೆ, ಈಗ ಕೇಳುತ್ತಾರೆ, ಯಾಕೆ ಹೀಗೆ ಮಾಡಿದೆ, ನಾನು ನಿನಗೇನು ಮಾಡಿದ್ದೆ, ಕೇಳಲಿ, ಬೈಯಲಿ, ಮಗನಿಗೆ ಹೇಳಲಿ, ಕಾಲಿಗೆ ಬೀಳಲು ಸಿದ್ಧವಾಗಿದ್ದೇನೆ. ನೀರಜಾ, ಕೂಗಿದರು, ಬಾರೇ ಇಲ್ಲಿ ಸ್ವಲ್ಪ. ಕೈ ಒರೆಸಿಕೊಂಡು ಹೋದೆ. ಕನ್ನಡಿಯ ಎದುರು ನಿಂತಿದ್ದಾರೆ, ಉಟ್ಟುಕೊಂಡಿದ್ದಾರೆ, ಪಿನ್ನು ಹಾಕದ ಸೆರಗು ಒಂದು ಕೈಯಲ್ಲಿ, ಗಂಜಿ ಹಾಕಿದ ಹೊಸ ನೂಲು ಹೇಳಿದ ಹಾಗೆ ಕೇಳುತ್ತಿಲ್ಲ, ನೆರಿಗೆ ಹಿಡಿಯೇ, ನನಗೆ ಬಗ್ಗಕ್ಕೆ ಆಗಲ್ಲ. ಬಾಗಿಲಲ್ಲಿ ಸುಮೇಧಾ, ಪಾಟೀ, ಸೂಪರಾ ಇರುಕ್ಕು, ಪುದು ಪುಡವೆಯಾ, ಯಾರು ಕುಡುತ್ತಾ, ಹೊಸ ಸೀರೆ ಯಾರು ಕೊಟ್ಟರೆಂದು ಕುಣಿದಳು, ಅತ್ತೆ ಕನ್ನಡಿಯನ್ನೇ ನೋಡುತ್ತಾ, ನಿಮ್ಮಮ್ಮನ ಫ್ರೆಂಡು, ಎಂದರು. ನಾನು ಮಂಡಿಯೂರಿ ಕೂತೆ. ಅತ್ತೆ, ಎಂದೆ. ಹೂಂ. ಅತ್ತೆ, ನಾನು — ಕೆಳಗೆ ಎಳೀ, ಅಂಚು ಪೂರ್ತಿ ಕಾಣಲಿ. ಎಳೆದೆ, ಒಂದು ನೆರಿಗೆ, ಎರಡು ನೆರಿಗೆ, ಬೆರಳಿಗೆ ಸಾಂಬ್ರಾಣಿ ಬೂದಿ ಅಂಟಿತು, ಅವರ ಒಡೆದ ಹಿಮ್ಮಡಿ, ಬೆಳ್ಳಿ ಕಾಲುಂಗುರವಿಲ್ಲದ ಬೆರಳು, ಅದರ ಮೇಲೆ ಕೆಂಪಂಚು, ನಾನು ಏನೋ ಹೇಳಬೇಕು, ಗೊತ್ತಿದೆ, ಹೇಳುತ್ತೇನೆ, ಈ ನೆರಿಗೆ ಒಂದು ಸರಿಯಾಗಲಿ, ಕೆಂಪಂಚು, ಅಂಗೈಯಗಲ, ನಾನು ಅಳತೆ ಹೇಳಿದಷ್ಟೇ ಅಗಲ, ಕೆಂಪಂಚು —